ಶಿಕ್ಷೆ ಎಂಬ ಪದದ ಹಿಂದೆ ಹೋದ ನನ್ನ ಅನುಭವ

ನಾನು ಹಿಂದಿಯಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಹೆಚ್ಚಾಗಿ ಶಾಲೆಗಳಿಗೆ ಸಂಬಂಧಿಸಿದ ಕೈಪಿಡಿಗಳು. ಒಮ್ಮೆ ರಾತ್ರಿ ತಡವಾಗಿತ್ತು, ಮರುದಿನವೇ ಕೊಡಬೇಕಿತ್ತು. ಹಿಂದಿಯಲ್ಲಿ ‘ಬಚ್ಚೋಂ ಕೋ ಶಿಕ್ಷಾ ದೇನಾ’ ಎಂದಿತ್ತು, ಅಂದರೆ ಮಕ್ಕಳಿಗೆ ಓದು ಕಲಿಸುವುದು. ನಾನು ‘ಮಕ್ಕಳಿಗೆ ಶಿಕ್ಷೆ ಕೊಡುವುದು ಇಡೀ ಊರಿನ ಕರ್ತವ್ಯ’ ಎಂದು ಬರೆದು ಕಳಿಸಿಬಿಟ್ಟೆ. ಕರಡು ತಿದ್ದುವವರು ನಿವೃತ್ತ ಮೇಷ್ಟ್ರು. ಬೆಳಿಗ್ಗೆಯೇ ಫೋನ್ ಮಾಡಿದರು. “ಆ ಸಾಲು ಓದಿ ಎದೆ ಝಲ್ ಅಂತು ಕಣಮ್ಮ” ಅಂದರು.

ತಪ್ಪು ತಿದ್ದಿದೆ. ಆದರೆ ಒಂದೇ ಪದ ಅಲ್ಲಿ ಓದು, ಇಲ್ಲಿ ಏಟು ಆಗಿದ್ದು ಹೇಗೆ? ಅದು ಮನಸ್ಸಿನಿಂದ ಹೋಗಲಿಲ್ಲ.

ಒಂದು ನೋಟ್‌ಬುಕ್ ಇಟ್ಟು ಪದಕ್ಕೊಂದು ಪುಟ ಎಂದು ಶುರುಮಾಡಿದೆ. ಬೇರೆ ಭಾಷೆಯ ಗೆಳೆಯರನ್ನು ಅರ್ಥ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ, ಇದು ಬೇಗ ಗೊತ್ತಾಯಿತು. ‘ಈ ಪದ ಬರುವ ಒಂದು ವಾಕ್ಯ ಹೇಳಿ’ ಅನ್ನಬೇಕು. ಆಗ ನಿಜವಾದ ಬಳಕೆ ಹೊರಗೆ ಬರುತ್ತದೆ. ಹಿಂದಿ, ಬಂಗಾಳಿಯವರ ವಾಕ್ಯದಲ್ಲಿ ಶಾಲೆ ಬಂತು. ಮರಾಠಿ, ತೆಲುಗು, ಮಲಯಾಳದವರ ವಾಕ್ಯದಲ್ಲಿ ನಮ್ಮ ಹಾಗೆಯೇ ಕಳ್ಳ, ಕೋರ್ಟು, ಜೈಲು. ಹಳೆಯ ಐಪಿಸಿಯನ್ನು, ಅಂದರೆ ಭಾರತೀಯ ದಂಡ ಸಂಹಿತೆಯನ್ನು, ತೆಲುಗಿನಲ್ಲಿ ‘ಶಿಕ್ಷಾ ಸ್ಮೃತಿ’ ಅನ್ನುತ್ತಾರೆ, ಮಲಯಾಳದಲ್ಲಿ ‘ಶಿಕ್ಷಾ ನಿಯಮಂ’. ಹಿಂದಿಯವರು ಕೇಳಿದರೆ ಶಾಲೆಗೆ ಸಂಬಂಧಿಸಿದ ಕಾನೂನು ಅಂದುಕೊಳ್ಳುತ್ತಾರೆ, ಅಲ್ವಾ?

ಕಡಲಾಚೆ ಹೋದರೆ ಇನ್ನೂ ಆಶ್ಚರ್ಯ. ಇಂಡೊನೇಷ್ಯಾ ಭಾಷೆಯಲ್ಲಿ ‘ಸಿಕ್ಸಾ’ ಅಂದರೆ ಚಿತ್ರಹಿಂಸೆ. ಥಾಯ್ ಭಾಷೆಯಲ್ಲಿ ಮಾತ್ರ ಇದೇ ಪದ ಓದು ಅನ್ನುವ ಅರ್ಥದಲ್ಲೇ ಉಳಿದಿದೆ, ಅಲ್ಲಿನ ಶಿಕ್ಷಣ ಸಚಿವಾಲಯದ ಹೆಸರಿನಲ್ಲೂ ಇದೆ. ಬೌದ್ಧರ ಪಾಲಿ ಭಾಷೆಯಲ್ಲಿ ಪಂಚಶೀಲದ ಒಂದೊಂದು ನಿಯಮಕ್ಕೂ ‘ಸಿಕ್ಖಾಪದ’ ಎಂದು ಹೆಸರು. ಅಂದರೆ ಕಲಿಕೆಯ ಒಂದು ಹೆಜ್ಜೆ.

ಕೊನೆಗೆ ಮೊನಿಯರ್ ವಿಲಿಯಮ್ಸ್ ಅವರ 1899ರ ಸಂಸ್ಕೃತ ನಿಘಂಟು ತೆರೆದೆ. ನಾನು ಇದನ್ನೇ ಮೊದಲು ನೋಡಬೇಕಿತ್ತು. ಕಲಿಯುವುದು, ಕಲಿಸುವುದು, ದಂಡಿಸುವುದು ಮೂರೂ ಅಲ್ಲೇ ಇವೆ. ದಂಡನೆಯ ಅರ್ಥ ನಾವು ದಕ್ಷಿಣದವರು ಸೇರಿಸಿದ್ದಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲ ಸಾಲು. ಪದದ ಬೇರು ‘ಶಕ್’. ಶಕ್ತಿ, ಶಕ್ಯ ಹುಟ್ಟಿದ್ದೂ ಅಲ್ಲಿಂದಲೇ. ಸಂಸ್ಕೃತದಲ್ಲಿ ಧಾತುವಿಗೆ ‘ಬಯಕೆ’ಯನ್ನು ಸೇರಿಸುವ ಒಂದು ರೂಪ ಇದೆ. ತಿಳಿಯುವ ಬಯಕೆ ಜಿಜ್ಞಾಸೆ, ಕುಡಿಯುವ ಬಯಕೆ ಪಿಪಾಸೆ. ಹಾಗೆಯೇ ‘ನನ್ನ ಕೈಲಿ ಆಗಬೇಕು’ ಅನ್ನುವ ಬಯಕೆ ಶಿಕ್ಷಾ! ಸೈಕಲ್ ಕಲಿಯುವ ಮಗು ಬಿದ್ದು ಮತ್ತೆ ಹತ್ತುತ್ತದಲ್ಲ, ಅದು.

ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಈ ಪದಕ್ಕೆ ಉಚ್ಚಾರದ ಪಾಠ ಎಂಬ ಅರ್ಥ. ವರ್ಣ, ಸ್ವರ, ಮಾತ್ರೆ, ಬಲ ಎಂದು ಎಣಿಸುತ್ತಾ ಹೋಗುತ್ತದೆ. ಹೇಳಿದ್ದನ್ನು ತಿದ್ದಿ, ಮತ್ತೆ ಹೇಳಿಸಬೇಕು. ತಿದ್ದುವುದರಿಂದ ದಂಡಿಸುವುದಕ್ಕೆ ದಾರಿ ಜಾಸ್ತಿ ದೂರವಿಲ್ಲ ಅಂತ ನನಗನ್ನಿಸುತ್ತದೆ. ಬೆತ್ತ, ಬಸ್ಕಿ ನೋಡಿ ಬೆಳೆದ ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಕನ್ನಡ ಮಾಡಿಕೊಂಡ ಏರ್ಪಾಡು ನನಗೆ ತುಂಬಾ ಇಷ್ಟ. ಏಟಿಗೆ ಶಿಕ್ಷೆ, ಓದಿಗೆ ಶಿಕ್ಷಣ. ದೆಹಲಿಯ ‘ಸರ್ವ ಶಿಕ್ಷಾ ಅಭಿಯಾನ್’ ನಮ್ಮಲ್ಲಿ ‘ಸರ್ವ ಶಿಕ್ಷಣ ಅಭಿಯಾನ’ ಆಯಿತು. ಸುಮ್ನೆ ಆದ ಬದಲಾವಣೆ ಅಲ್ಲ ಅದು. ಆದರೂ ಎಚ್ಚರ ಬೇಕು. ‘ದೈಹಿಕ ಶಿಕ್ಷಣ’ ಆಟದ ಪೀರಿಯಡ್. ‘ದೈಹಿಕ ಶಿಕ್ಷೆ’ಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಈಗ ಯಾವ ಕೈಪಿಡಿ ಕಳಿಸುವ ಮೊದಲೂ ‘ಶಿಕ್ಷ’ ಎಂದು ಟೈಪ್ ಮಾಡಿ ಹುಡುಕುತ್ತೇನೆ. ಸಿಕ್ಕ ಪ್ರತಿಯೊಂದು ವಾಕ್ಯವನ್ನೂ ಗಟ್ಟಿಯಾಗಿ ಓದುತ್ತೇನೆ. ಹಿಂದಿಯಲ್ಲಿ ರಜೆ, ಮಲಯಾಳದಲ್ಲಿ ಹಕ್ಕು ಆಗಿರುವ ‘ಅವಕಾಶ’ಕ್ಕೂ ಹೀಗೇ ಮಾಡುತ್ತೇನೆ. ನೋಟ್‌ಬುಕ್ಕಿನ ಎರಡನೇ ಪುಟ ಅದರದ್ದು.