ಪ್ರಶ್ನೆ ಅದೇ, ಆದರೆ ಅವತ್ತಿನ ಮೂಡ್ ಯಾವುದು?

ಮಂಗಳೂರಿನ ಸುತ್ತಮುತ್ತ ಹಿರಿಯರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬರೆದಿಡುತ್ತೇನೆ. ಹಂಚಿನ ಕಾರ್ಖಾನೆ, ಬೀಡಿ ಕೆಲಸ, 1974ರ ನೇತ್ರಾವತಿ ನೆರೆ, ಇಂಥದ್ದೇ ವಿಷಯ. ಅವರ ನೆನಪು ಚುರುಕಾಗಿ ಉಂಟಾ ಅಂತ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಇವತ್ತು ಮೂಡ್ ಹೇಗಿದೆ ಅಂತ ನೋಡುತ್ತೇನೆ.

ಜೆಪ್ಪುವಿನ ಒಬ್ಬರು ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಂಡಿನೋವು ಜಾಸ್ತಿ ಇದ್ದ ದಿನ ಕೇಳಿದರೆ ಹಸಿ ಹಂಚು ಹೊತ್ತದ್ದು, ಮೇಸ್ತ್ರಿ ಬೈದದ್ದು, ಸಂಬಳ ಹಿಡಿದದ್ದು, ಅಷ್ಟೇ. ಮೊಮ್ಮಗಳು ಪಾಸಾದ ಸಂಜೆ ಅದೇ ಪ್ರಶ್ನೆ ಕೇಳಿದೆ. ಮಧ್ಯಾಹ್ನ ಹುಡುಗಿಯರೆಲ್ಲ ಒಟ್ಟಿಗೆ ಕೂತು ಪಾಡ್ದನ (ತುಳುವಿನ ಜನಪದ ಕಥನ ಹಾಡು) ಹೇಳುತ್ತಿದ್ದದ್ದು, ಒಬ್ಬಳು ತರುತ್ತಿದ್ದ ಒಣಮೀನಿನ ಚಟ್ನಿಗೆ ನಡೆಯುತ್ತಿದ್ದ ಜಗಳ, ಎಲ್ಲ ಬಂತು! ಎರಡೂ ಸುಳ್ಳಲ್ಲ, ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಬೋವರ್ 1981ರಲ್ಲಿ ಬರೆದದ್ದು ಇದನ್ನೇ. ಹಿಪ್ನಾಸಿಸ್ ಮಾಡಿ ಕೆಲವರನ್ನು ಖುಷಿಗೆ, ಕೆಲವರನ್ನು ಬೇಸರಕ್ಕೆ ತಂದು ಬಾಲ್ಯದ ಘಟನೆ ಕೇಳಿದರೆ, ಖುಷಿಯವರಿಗೆ ಖುಷಿಯದ್ದೇ ಹೆಚ್ಚು ನೆನಪಾಗುತ್ತಿತ್ತು.

ಹಾಗಾಗಿ ಬೇರೆ ದಿನ ಹೋಗಿ ಅದನ್ನೇ ಮತ್ತೆ ಕೇಳುತ್ತೇನೆ. ‘ತುಂಬಾ ಕಷ್ಟ ಇತ್ತಾ?’ ಅಂತ ಶುರು ಮಾಡುವುದೇ ಇಲ್ಲ, ಆಮೇಲೆ ಕಷ್ಟ ಬಿಟ್ಟು ಬೇರೇನೂ ಬರುವುದಿಲ್ಲ. ಕೆಲಸಕ್ಕೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ಪಕ್ಕದಲ್ಲಿ ಯಾರು ಕೂರುತ್ತಿದ್ದರು, ಇಲ್ಲಿಂದ ಶುರು.

ನೆರೆಯ ಕತೆ ಬೇರೆ. ಹೆದರಿಕೆಯ ನೆನಪು ಗಟ್ಟಿ. ಆ ಹೊತ್ತಿನಲ್ಲಿ ಏರುವ ಅಡ್ರಿನಲಿನ್ ಮತ್ತು ಮೆದುಳಿನಲ್ಲಿ ಹೆದರಿಕೆಯಂಥ ಭಾವನೆ ನೋಡಿಕೊಳ್ಳುವ ಅಮಿಗ್ಡಲಾ ಎಂಬ ಭಾಗ ಸೇರಿ ಅದನ್ನು ಒತ್ತಿ ಕೂರಿಸುತ್ತವೆ. ಆದರೆ ಗಟ್ಟಿಯಾಗುವುದು ನಡುವಿನ ಚಿತ್ರ, ಸುತ್ತಲಿನದ್ದು ಮಸುಕು. ಪಾಣೆಮಂಗಳೂರಿನ ಒಬ್ಬರು ತೇಲಿಹೋದ ದನದ ಬಣ್ಣ, ಕೊರಳ ಹಗ್ಗ ಎಲ್ಲ ಹೇಳುತ್ತಾರೆ, ಅವತ್ತು ದೋಣಿ ತಂದವರು ಯಾರು ಅಂದರೆ ಪ್ರತಿ ಸಲ ಬೇರೆ ಹೆಸರು, ಅದೂ ಅಷ್ಟೇ ಖಡಾಖಂಡಿತವಾಗಿ. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್, ಆ ಸುದ್ದಿ ನಿಮಗೆ ಗೊತ್ತಾದದ್ದು ಹೇಗೆ ಅಂತ ವಿದ್ಯಾರ್ಥಿಗಳಿಂದ ಬರೆಸಿಟ್ಟು, ಎರಡೂವರೆ ವರ್ಷದ ನಂತರ ಮತ್ತೆ ಕೇಳಿದಾಗ ಎಷ್ಟೋ ಜನರ ಉತ್ತರ ಬದಲಾಗಿತ್ತು, ಹೇಳಿದ್ದೇ ಸರಿ ಎಂಬ ಖಾತ್ರಿ ಮಾತ್ರ ಗಟ್ಟಿಯಾಗಿತ್ತು. ಅದಕ್ಕೇ ತಾರೀಕನ್ನು ನಾನು ಹಳೆ ಪೇಪರಿನಿಂದಲೇ ತೆಗೆಯುವುದು.

ಹೇಳುತ್ತಾ ಹೇಳುತ್ತಾ ಉಸಿರು ಜೋರಾದರೆ ಹೆಸರು ಕೇಳುವುದನ್ನು ನಿಲ್ಲಿಸುತ್ತೇನೆ. ಒತ್ತಡದಲ್ಲಿ ಗೊತ್ತಿದ್ದದ್ದೂ ಬಾಯಿಗೆ ಬರುವುದಿಲ್ಲ. ಚಾ ಕುಡಿದು, ಮೀನಿನ ರೇಟು ಮಾತಾಡಿ, ಹೊರಡುವ ಹೊತ್ತಿಗೆ ತಾನಾಗಿಯೇ ಬರುತ್ತದೆ. ರೆಕಾರ್ಡರ್ ಗೇಟಿನವರೆಗೂ ಆನ್ ಇರಲಿ, ಅವರಿಗೆ ಹೇಳಿಯೇ.