ದಪ್ಪ ಮೆಣಸಿನಕಾಯಿ: ಯಾವ ಗೊಬ್ಬರ, ಯಾವಾಗ?

ಕೊಟ್ಟಿಗೆ ಗೊಬ್ಬರವೋ ಸರ್ಕಾರಿ (ರಾಸಾಯನಿಕ) ಗೊಬ್ಬರವೋ ಎಂದು ವಾದಕ್ಕಿಳಿಯುವ ಮೊದಲು ಒಂದು ಲೆಕ್ಕ ಹಾಕಿ. 45 ಕೆಜಿಯ ಯೂರಿಯಾ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕವಿದೆ. ಅಷ್ಟು ಸಾರಜನಕಕ್ಕೆ 4 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಅದರಲ್ಲೂ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು ಮಾತ್ರ. ಹಾಗೆಂದು ಕೊಟ್ಟಿಗೆ ಗೊಬ್ಬರ ಬಿಟ್ಟರೆ ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಿನಲ್ಲಿ ತೇವ ನಿಲ್ಲದು. ತೇವ ಏರುಪೇರಾದರೆ ಕಾಯಿಗೆ ಕ್ಯಾಲ್ಸಿಯಂ ತಲುಪದೆ ತುದಿ ಕೊಳೆಯುತ್ತದೆ.

ನಾಟಿಗೆ ಮೂರು ವಾರ ಮುಂಚೆ ಎಕರೆಗೆ 8–10 ಟನ್ ಕಳಿತ ಗೊಬ್ಬರ ಬೆರೆಸಿ. ಕಳಿತದ್ದನ್ನು ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗುತ್ತದೆ, ಸಗಣಿ ವಾಸನೆ ಬರುವುದಿಲ್ಲ, ತಿಪ್ಪೆಯೊಳಗೆ ಕೈಯಿಟ್ಟರೆ ಬಿಸಿ ತಾಗುವುದಿಲ್ಲ. ಹಸಿ ಗೊಬ್ಬರವಾದರೆ ಗೊಣ್ಣೆಹುಳು, ಕಳೆಬೀಜ ಜೊತೆಗೇ ಬರುತ್ತವೆ, ಎಳೆ ಬೇರೂ ಸುಡುತ್ತದೆ. ಟನ್ನಿಗೆ 2 ಕೆಜಿ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಕಲಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ 15 ದಿನ ಇಟ್ಟು ಹಾಕಿದರೆ ಬೇರು ಕೊಳೆ ರೋಗ ಕಡಿಮೆ.

ರಂಜಕವನ್ನು ಮಣ್ಣು ಪರೀಕ್ಷೆ ನೋಡಿಕೊಂಡು ನಾಟಿಗೆ ಮುಂಚೆಯೇ ಕೊಡಿ. ಸಾರಜನಕ, ಪೊಟ್ಯಾಷನ್ನು ಮಾತ್ರ ಒಂದೇ ಸಲ ಸುರಿಯದೆ ಹನಿ ನೀರಾವರಿಯ ಡ್ರಿಪ್‌ನಲ್ಲಿ ವಾರವಾರ ಬಿಡಿ. ಎಲೆ ಕಡುಹಸಿರಾಗಿ ಹಿಗ್ಗಿ ಹೂ ಉದುರತೊಡಗಿತೆಂದರೆ ಯೂರಿಯಾ ಹೆಚ್ಚಾಗಿದೆ ಎಂದರ್ಥ. ಅಂಥ ಗಿಡದ ಕಾಯಿ ಮೆತ್ತಗಾಗಿ ಬೇಗ ಕೊಳೆಯುತ್ತದೆ. ಕಾಯಿ ಕಚ್ಚಿದ ಮೇಲೆ ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿ, 15 ದಿನಕ್ಕೊಮ್ಮೆ ಕಾಯಿ ನೆನೆಯುವಂತೆ ಸಂಜೆ ಸಿಂಪಡಿಸಿ. ಡ್ರಿಪ್‌ನಲ್ಲಿ ಬಿಡುವುದಾದರೆ ಸಲ್ಫೇಟ್, ಫಾಸ್ಫೇಟ್ ಗೊಬ್ಬರದ ಜೊತೆ ಒಂದೇ ಡ್ರಮ್ಮಿಗೆ ಬೇಡ; ಸುಣ್ಣದಂಥ ಗಸಿ ಕೂತು ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ.

ಕೊಯ್ಲಿಗೆ ಬಂದ ಕಾಯಿಯನ್ನು ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು, ತೊಟ್ಟು ಉಳಿಸಿ ಕತ್ತರಿಯಿಂದ ಕೊಯ್ಯಿರಿ. ಎಳೆದು ಕಿತ್ತರೆ ಆದ ಗಾಯದಲ್ಲೇ ಕೊಳೆ ಶುರು. 7–10 ಡಿಗ್ರಿ ಸೆಲ್ಸಿಯಸ್, 90–95% ತೇವಾಂಶವಿದ್ದರೆ ಎರಡು ಮೂರು ವಾರ ಉಳಿಯುತ್ತದೆ. ತಂಪು ಹೆಚ್ಚಿದಷ್ಟೂ ಒಳ್ಳೆಯದೆಂಬುದು ಇಲ್ಲಿ ಸುಳ್ಳು: 7 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟರೆ ಸಿಪ್ಪೆಯ ಮೇಲೆ ಗುಳಿ ಬಿದ್ದು, ಬೀಜ ಕಂದಾಗುತ್ತದೆ. ಹಸಿರು ಕಾಯಿಗಿಂತ ಪೂರ್ತಿ ಕೆಂಪಾದದ್ದು ತಂಪನ್ನು ಸ್ವಲ್ಪ ಹೆಚ್ಚು ತಾಳುತ್ತದೆ. ಮನೆಯ ಫ್ರಿಜ್ಜಿನಲ್ಲಾದರೆ ತರಕಾರಿ ಡಬ್ಬಿಯೇ ಸರಿ. ತೊಳೆಯದೆ, ತೂತಿರುವ ಕವರಿನಲ್ಲಿ, ಹಣ್ಣುಗಳಿಂದ ದೂರ ಇಡಿ.