ಸರ್ವರ್ ಸ್ಲೋ ಆಗಿದ್ದು ಡ್ರೈವ್‌ನಿಂದಲ್ಲ, ಬ್ಯಾಟರಿಯಿಂದ
ತೀರ್ಥಹಳ್ಳಿ ಕಡೆ ಒಂದು ಅಡಿಕೆ ಮಂಡಿ ಸರ್ವರ್ ನಾನೇ ನೋಡ್ಕೊಳ್ಳೋದು. 2 ಟಿಬಿಯ 4 ಡ್ರೈವ್, ರೇಡ್ 5, ಅಂದ್ರೆ ಒಂದು ಡ್ರೈವ್ ಹೋದ್ರೂ ಡೇಟಾ ಉಳಿಯೋ ಹಾಗೆ ನಾಲ್ಕಕ್ಕೂ ಹಂಚಿ ಬರೆಯೋ ಜೋಡಣೆ. ಆಷಾಢದ ಮಳೇಲಿ ಫೋನ್ ಬಂತು, "ಒಂದ್ ಬಿಲ್ ಸೇವ್ ಆಗೋದ್ರೊಳಗೆ ಕಾಫಿ ಕುಡ್ದು ಬರ್ಬೋದು ಮಾರಾಯ್ರೆ" ಅಂತ.

ಶಿವಮೊಗ್ಗದಿಂದ ಬಸ್ ಹತ್ತಿ ಹೋದೆ, ಡ್ರೈವ್ ಹೋಗಿರ್ಬೇಕು ಅಂತ ಹೊಸದೊಂದು ಚೀಲದಲ್ಲಿ ಹಾಕ್ಕೊಂಡೇ ಹೋಗಿದ್ದೆ, ನೋಡಿದ್ರೆ ನಾಲ್ಕೂ ಹಸಿರು ಲೈಟು! ಓದೋದು ಫಾಸ್ಟಾಗೇ ಇದೆ, ಬರೆಯೋದು ಮಾತ್ರ ಆಮೆ. ಕೊನೆಗೆ ಈ ಡ್ರೈವ್‌ಗಳನ್ನ ನಡೆಸೋ ಕಂಟ್ರೋಲರ್ ಲಾಗ್ ತೆಗೆದ್ರೆ ಅದ್ರ ಬ್ಯಾಟರಿ ಫೇಲ್, ಕ್ಯಾಶ್ ರೈಟ್-ಥ್ರೂಗೆ ಹೋಗಿದೆ ಅಂತಿತ್ತು.

ವಿಷಯ ಏನಂದ್ರೆ ಕ್ಯಾಶ್ ಅನ್ನೋದು ರ‍್ಯಾಮ್, ಬರೆಯೋದನ್ನ ಮೊದ್ಲು ಅದ್ರಲ್ಲಿಟ್ಟು ಆಯ್ತು ಅಂದು ಆಮೇಲೆ ಡಿಸ್ಕಿಗೆ ಹಾಕೋದು ರೈಟ್-ಬ್ಯಾಕ್, ಆದ್ರೆ ಕರೆಂಟ್ ಹೋದ್ರೆ ಅದ್ರಲ್ಲಿರೋದೂ ಹೋಗತ್ತೆ, ಅದನ್ನ ಹಿಡ್ಕೊಂಡಿರೋಕೆ ಬ್ಯಾಟರಿ. ಅದು ಸತ್ರೆ ಕಂಟ್ರೋಲರ್ ರಿಸ್ಕ್ ತಗೊಳ್ದೆ ಪ್ರತಿಯೊಂದನ್ನೂ ಡಿಸ್ಕಿಗೆ ಬರೆದ್ಮೇಲೇನೇ ಆಯ್ತು ಅನ್ನತ್ತೆ, ಅದೇ ರೈಟ್-ಥ್ರೂ. ಅದ್ರ ಮೇಲೆ ರೇಡ್ 5ರಲ್ಲಿ ಒಂದು ಸಣ್ಣ ರೈಟ್‌ಗೆ ಹಳೇ ಡೇಟಾ, ಹಳೇ ಪ್ಯಾರಿಟಿ (ಹೋದ ಡ್ರೈವಿನ ಡೇಟಾ ಮತ್ತೆ ಲೆಕ್ಕ ಹಾಕೋಕೆ ಇಟ್ಟಿರೋ ಮಾಹಿತಿ) ಓದಿ, ಹೊಸದೆರಡನ್ನೂ ಬರೀಬೇಕು, ಅಂದ್ರೆ 4 ಕೆಲಸ.

ಸೆಟ್ಟಿಂಗ್ಸಲ್ಲಿ ಬ್ಯಾಟರಿ ಇಲ್ದಿದ್ರೂ ರೈಟ್-ಬ್ಯಾಕ್ ಮಾಡು ಅನ್ನೋ ಆಪ್ಷನ್ ಇದೆ, ಮನಸ್ಸಾಯ್ತು, ಆದ್ರೆ ನಮ್ಮ ಮಲೆನಾಡ ಕರೆಂಟಿಗೆ ಆ ಧೈರ್ಯ ಮಾಡ್ಬಾರ್ದು, ಯುಪಿಎಸ್ಸೂ ಮುದಿಯಾಗಿತ್ತು.

ಬ್ಯಾಕಪ್ ತಗೊಂಡು, ಆಫ್ ಮಾಡಿ, ಹೊಸ ಬ್ಯಾಟರಿ ಹಾಕ್ದೆ. ಹಾಕಿದ ತಕ್ಷಣ ಏನೂ ಬದಲಾಗ್ಲಿಲ್ಲ, ಎದೆ ಧಸಕ್ ಅಂತು, ಆಮೇಲೆ ಗೊತ್ತಾಯ್ತು ಚಾರ್ಜ್ ಆಗೋವರ್ಗೂ ರೈಟ್-ಥ್ರೂನೇ ಅಂತ. ಸಂಜೆಗೆ ತಾನೇ ರೈಟ್-ಬ್ಯಾಕ್‌ಗೆ ಬಂತು, ಬಿಲ್ಲೂ ಓಡ್ತು. ತಂದ ಡ್ರೈವ್‌ನ ಹಾಟ್ ಸ್ಪೇರ್ ಅಂತ, ಅಂದ್ರೆ ಒಂದು ಹೋದ್ರೆ ತಾನಾಗೇ ಅದ್ರ ಜಾಗಕ್ಕೆ ಬರೋ ಹಾಗೆ, ಅಲ್ಲೇ ಹಾಕ್ಬಂದೆ.